ಹುಳುವಿನ ಹೊಟ್ಟೆಯಲ್ಲಿ ಅಡಗಿದ ಗುರಿ

ಮಳೆ ಬಿದ್ದು ಮೇವು ಚಿಗುರಿದ ಕಾಲ. ಆದರೂ ಮಂದೆಯಲ್ಲಿ ಕೆಲವು ಕುರಿಗಳು ಸೊರಗುತ್ತವೆ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರೆ ಕೆಂಪಿಲ್ಲ, ಬರಿಯ ಬಿಳುಪು. ಗಲ್ಲದಡಿಯಲ್ಲಿ ನೀರು ತುಂಬಿದ ಬಾವು. ಪೇಟೆಯಲ್ಲಿರುವ ತಾವು ಇದನ್ನು ಕಂಡಿರಲಾರಿರಿ. ನಮ್ಮ ನಾಡಿನ ಕುರಿಗಾಹಿಗಳು ಚೆನ್ನಾಗಿ ಬಲ್ಲರು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸಿ ರಕ್ತ ಹೀರುವ ಹೀಮಾಂಕಸ್ ಎಂಬ ಹುಳುವೇ ಇದಕ್ಕೆ ಕಾರಣ. ಉದ್ದ ಸುಮಾರು ಒಂದಂಗುಲ. ಒಂದು ಹುಳು ದಿನಕ್ಕೆ ಕುಡಿಯುವುದು ಮಿಲಿಲೀಟರಿನ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಸಾವಿರ ಸೇರಿದರೆ 50 ಮಿಲಿಲೀಟರು ಹೋದಂತಾಯಿತು.

ಇಂತಹ ಜೀವಿಗೆ ಪರೋಪಜೀವಿ ಎಂದು ಹೆಸರು. ಉಕ್ತಲೇಖನ ಕೊಟ್ಟರೆ ವರ್ಷಕ್ಕೊಬ್ಬ ಹುಡುಗನಾದರೂ ಇದನ್ನು ಪರೋಪಕಾರಿ ಎಂದು ಬರೆದು ತರುತ್ತಾನೆ!

ಔಷಧವಿಲ್ಲವೇ ಎಂದು ತಾವು ಕೇಳಬಹುದು. ಇದೆ, ಆದರೆ ಅದನ್ನೇ ಮತ್ತೆ ಮತ್ತೆ ಕುಡಿಸಿದ ಕಡೆಗಳಲ್ಲಿ ಅದಕ್ಕೆ ಜಗ್ಗದ ಹುಳುಗಳ ಸಂತತಿಯೇ ಬೆಳೆದಿದೆ. ಆದುದರಿಂದಲೇ ಲಸಿಕೆಯ ಯೋಚನೆ.

ಶತ್ರುವಿನ ಒಂದು ಗುರುತನ್ನು ದೇಹಕ್ಕೆ ಮುಂಚಿತವಾಗಿ ಪರಿಚಯಿಸುವುದೇ ಲಸಿಕೆಯ ಕೆಲಸ. ಈ ಹುಳುವಿನ ಹೊರಮೈಯಾದರೋ ಗಡುಸಾದ ಹೊದಿಕೆ. ಪ್ರಾಯಕ್ಕೆ ಬರುವಷ್ಟರಲ್ಲಿ ನಾಲ್ಕು ಬಾರಿ ಅದನ್ನು ಕಳಚಿ ಹೊಸದು ತೊಡುತ್ತದೆ. ಸ್ಕಾಟ್ಲೆಂಡಿನ ಮೊರ್ಡನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೊರಬಾಗಿಲನ್ನು ಬಿಟ್ಟು ಒಳಮನೆಯನ್ನೇ ನೋಡಿದರು. ಹುಳುವಿನ ಕರುಳಿನ ಒಳಪೊರೆಯ ಮೇಲೆ ಎಚ್-11 ಮೊದಲಾದ ಸಸಾರಜನಕಗಳು, ಅಂದರೆ ಪ್ರೋಟೀನುಗಳು, ಇವೆ. ಕುಡಿದ ರಕ್ತವನ್ನು ಜೀರ್ಣಿಸುವುದು ಇವುಗಳ ಕಾರ್ಯ. ಕುರಿಯ ದೇಹ ಇವನ್ನು ಎಂದೂ ಕಂಡುದಿಲ್ಲ. ಇವನ್ನು ಬೇರ್ಪಡಿಸಿ ಕುರಿಗೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಮುಂದೆ ಹುಳು ಏನು ಕುಡಿಯುತ್ತದೆ? ಅದೇ ರಕ್ತವನ್ನು. ಪ್ರತಿಕಾಯಗಳು ಕರುಳಿನ ಪೊರೆಗೆ ಅಂಟಿ ಜೀರ್ಣಕ್ರಿಯೆಯನ್ನು ಕೆಡಿಸುತ್ತವೆ. ಉಂಡ ಅನ್ನವೇ ಉರುಳಾಯಿತು.

ಈ ಲಸಿಕೆ 2014ರಲ್ಲಿ ಬಾರ್ಬರ್‌ವ್ಯಾಕ್ಸ್ ಎಂಬ ಹೆಸರಿನಿಂದ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂದಿತು. ಒಂದು ಬಾರಿಗೆ ಬೇಕಾದ ಸಸಾರಜನಕ 5 ಮೈಕ್ರೋಗ್ರಾಂ. ಒಂದು ಗ್ರಾಮು ಎರಡು ಲಕ್ಷ ಚುಚ್ಚುಮದ್ದುಗಳಿಗೆ ಸಾಕು. ಆದರೆ ಪ್ರಯೋಗಶಾಲೆಯಲ್ಲಿ ಸೂಕ್ಷ್ಮಜೀವಿಗಳಿಂದ ಮಾಡಿಸಿದ ನಕಲು ಫಲ ಕೊಡಲಿಲ್ಲ. ಹುಳುಗಳನ್ನು ಕುರಿಗಳಲ್ಲಿಯೇ ಬೆಳೆಸಿ, ಅವುಗಳಿಂದಲೇ ತೆಗೆಯಬೇಕು. ಇನ್ನೊಂದು ತೊಡಕು: ಗುರಿ ಗುಪ್ತವಾದುದರಿಂದ, ಹುಳು ಹೊಟ್ಟೆ ಸೇರಿದರೂ ದೇಹಕ್ಕೆ ಹಳೆಯ ಪಾಠ ನೆನಪಾಗುವುದಿಲ್ಲ, ಸುಮಾರು ಆರು ವಾರಕ್ಕೊಮ್ಮೆ ಮತ್ತೆ ಚುಚ್ಚಬೇಕು. ಊರೂರು ಅಲೆಯುವ ಮಂದೆಗೆ ಇದು ಸುಲಭವಲ್ಲ.

ಗುಪ್ತವಾಗಿರುವುದರಲ್ಲಿ ಒಂದು ಗುಣವೂ ಉಂಟು. ಮನುಷ್ಯರನ್ನು ಕಾಡುವ ಕೊಕ್ಕೆಹುಳುವಿನ ಮರಿ ಹೊರಸೂಸುವ ಒಂದು ಸಸಾರಜನಕವನ್ನು ಬ್ರೆಜಿಲ್ ದೇಶದಲ್ಲಿ ಲಸಿಕೆಯಾಗಿ ಪರೀಕ್ಷಿಸಿದರು. ಆ ಹುಳುವಿನ ಪರಿಚಯ ಮೊದಲೇ ಇದ್ದ ಕೆಲವರಿಗೆ ಮೈಯೆಲ್ಲ ದದ್ದು ಎದ್ದು ಪ್ರಯೋಗ ನಿಂತಿತು; 2012ರಲ್ಲಿ ಅದರ ವರದಿ ಪ್ರಕಟವಾಯಿತು. ಕೊಕ್ಕೆಹುಳುವೂ ರಕ್ತವನ್ನೇ ಕುಡಿಯುವುದು. ಈಗ ಅದರ ಕರುಳಿನ ಸಸಾರಜನಕಗಳ ಮೇಲೆಯೂ ಪರೀಕ್ಷೆ ನಡೆದಿದೆ. ಮನುಷ್ಯರಿಗೆ ಲಸಿಕೆ ಇನ್ನೂ ಬಂದಿಲ್ಲ.