ಕಾರಿನ ಬೆನ್ನಿಗೆ ಎರಡು ಸೈಕಲು

ಕಾರಿನ ಬೆನ್ನಿಗೆ ಸೈಕಲು ಕಟ್ಟಿಕೊಂಡು ಹೋಗುವವರನ್ನು ಕಂಡರೆ ಮೊದಲೆಲ್ಲ ನಮಗೆ ನಗು ಬರುತ್ತಿತ್ತು. ಕಾರು ಇದ್ದವನಿಗೆ ಸೈಕಲು ಯಾಕೆ, ಸೈಕಲು ಬೇಕಾದವನಿಗೆ ಕಾರು ಯಾಕೆ ಎಂದು. ಕಳೆದ ಓಣಂ ರಜೆಯಲ್ಲಿ ನಾವೇ ಆ ಸಾಲಿಗೆ ಸೇರಿದೆವು.

ಕಾರಣ ಇಲ್ಲದೆ ಅಲ್ಲ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ, ಕಾಸರಗೋಡು ಪೇಟೆಯ ಬದಿಯಲ್ಲಿರುವ ನಮ್ಮ ಮನೆಯಿಂದ ಮಕ್ಕಳನ್ನು ಸೈಕಲಿನಲ್ಲಿ ಹೊರಗೆ ಬಿಡುವ ಧೈರ್ಯ ನಮಗೆ ಉಳಿದಿಲ್ಲ. ಎಂಟನೆಯ ತರಗತಿಯ ಮಗಳದ್ದೊಂದು, ಐದನೆಯ ತರಗತಿಯ ಮಗನದ್ದೊಂದು ಸೈಕಲು ಅಂಗಳದಲ್ಲೇ ತುಕ್ಕು ಹಿಡಿಯುತ್ತಿದ್ದವು. ಆದೂರಿನ ಕಡೆಯ ಅಜ್ಜನ ಮನೆಯಲ್ಲಾದರೋ ತೋಟದ ದಾರಿಯುಂಟು, ಶಾಲೆಯ ಮೈದಾನವುಂಟು. ಮಕ್ಕಳನ್ನು ಒಯ್ಯುವುದು ಸುಲಭ, ಸೈಕಲನ್ನು ಒಯ್ಯುವುದು ಹೇಗೆ?

ಅಂಬಾಸಿಡರ್ ಕಾರಿನ ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರು ಕೂರಿಸಿ ಅಡಿಕೆ ಮೂಟೆ, ಬಾಳೆಗೊನೆ, ಮದುವೆಯ ಪಾತ್ರೆ ಎಲ್ಲವನ್ನೂ ಹೇರುತ್ತಿದ್ದ ಕಾಲವನ್ನು ನಾವು ಚಿಕ್ಕಂದಿನಲ್ಲಿ ಕಂಡವರು. ಅದೇ ಆದೀತು ಎಂದುಕೊಂಡಿದ್ದೆವು. ಆದರೆ ಆ ಕ್ಯಾರಿಯರುಗಳು ಕಚ್ಚಿಕೊಳ್ಳುತ್ತಿದ್ದುದು ಮಾಡಿನ ಅಂಚಿನಲ್ಲಿ ಮಳೆನೀರು ಹರಿಯಲು ಇದ್ದ ತಗಡಿನ ದಂಬೆಗೆ. ಈಗಿನ ಕಾರುಗಳ ಮಾಡು ನುಣ್ಣಗೆ ಬೋಳಾಗಿದೆ. ಅದಕ್ಕೆ ಮೊದಲು ಅಡ್ಡಪಟ್ಟಿ, ಆಮೇಲೆ ಸೈಕಲಿನ ತಟ್ಟೆ ಎಂದು ಖರ್ಚು ಎರಡು ಪಾಲಾಗುತ್ತದೆ. ಮಾಡಿನ ಮೇಲೆ ಎಷ್ಟು ಭಾರ ಹೇರಬಹುದೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಆ ಲೆಕ್ಕದಲ್ಲಿ ಸೈಕಲು ಮಾತ್ರವಲ್ಲ, ಅಡ್ಡಪಟ್ಟಿ ಮತ್ತು ತಟ್ಟೆಯ ಭಾರವೂ ಸೇರಬೇಕು. ಇನ್ನು ಎತ್ತರ. ಒಂದೂವರೆ ಮೀಟರಿನ ಕಾರು, ಅದರ ಮೇಲೆ ನೆಟ್ಟಗೆ ನಿಂತ ಒಂದು ಮೀಟರಿನ ಸೈಕಲು. ರೈಲು ಹಳಿಯ ಕೆಳಗಿನ ತಗ್ಗು ದಾರಿಯೂ ಬೇಡ, ಅಜ್ಜನ ಮನೆಯ ಅಂಗಳದ ಶೀಟಿನ ಚಪ್ಪರವೇ ಸಾಕು. ದಾರಿಯುದ್ದಕ್ಕೂ ನೆನಪಿಟ್ಟವರು ಮನೆ ಮುಟ್ಟಿದ ಸಂತೋಷದಲ್ಲಿ ಮರೆಯುವುದು ಅಲ್ಲಿಯೇ.

ಕಾರಿನ ಹಿಂದೆ ಎಳೆಯುವ ಕೊಕ್ಕೆ ಜೋಡಿಸಿ ಅದರ ಮೇಲೆ ನಿಲ್ಲಿಸುವ ಬಗೆಯೊಂದಿದೆ. ಗಟ್ಟಿ ಹೌದು, ದುಬಾರಿಯೂ ಹೌದು. ನಮ್ಮ ಸಣ್ಣ ಕಾರಿಗೆ ಅದು ಅಜ್ಜಿಗೆ ಕಿರೀಟವಿಟ್ಟಂತೆ. ಕೊನೆಗೆ ಉಳಿದದ್ದು ಡಿಕ್ಕಿಯ ಬಾಗಿಲಿಗೆ ನೈಲಾನು ಪಟ್ಟಿಗಳಿಂದ ಬಿಗಿಯುವ ಮಡಚುವ ಚೌಕಟ್ಟು.

ಇದರಲ್ಲಿಯೂ ನೋಡಬೇಕಾದದ್ದು ಸಾಕಷ್ಟಿದೆ. ಪಟ್ಟಿಯ ತುದಿಯ ಕೊಕ್ಕೆ ಕೂರಬೇಕಾದದ್ದು ಬಾಗಿಲಿನ ಲೋಹದ ಅಂಚಿಗೆ. ಗಾಜಿನ ಅಂಚಿಗಲ್ಲ, ಮೇಲೆ ರೆಕ್ಕೆಯಂತೆ ಚಾಚಿರುವ ಪ್ಲಾಸ್ಟಿಕ್ಕಿಗೂ ಅಲ್ಲ. ನಾವು ಆರಿಸಿದ ಚೌಕಟ್ಟಿಗೆ ಸೈಕಲೊಂದಕ್ಕೆ 15 ಕಿಲೋ ಮಿತಿ. ಅಡಿಕೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ ಮಗನದ್ದು 13, ಮಗಳದ್ದು 16! ಮುಂದಿನ ಬುಟ್ಟಿ, ಹಿಂದಿನ ಕ್ಯಾರಿಯರು, ಸ್ಟ್ಯಾಂಡು ಎಲ್ಲ ಬಿಚ್ಚಿ 14ಕ್ಕೆ ಇಳಿಸಿದ್ದಾಯಿತು. ಆಗ ಇನ್ನೊಂದು ತೊಡಕು. ಹುಡುಗಿಯರ ಸೈಕಲಿಗೆ ಮೇಲಿನ ಅಡ್ಡದಂಡೆ ಇಲ್ಲ, ಚೌಕಟ್ಟಿನ ತೋಳಿಗೆ ಅದನ್ನು ತೂಗುಹಾಕುವುದು ಎಲ್ಲಿಂದ? ಸೀಟಿನ ಕಂಬದಿಂದ ಹ್ಯಾಂಡಲಿನ ಕಂಬಕ್ಕೆ ಸಿಕ್ಕಿಸುವ ಬೇರೆಯೇ ಒಂದು ದಂಡೆ ಸಿಗುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳಿರುವವರು ಇದನ್ನು ಮೊದಲೇ ಕೇಳಿ ಪಡೆಯುವುದು ಒಳ್ಳೆಯದು. ನಾವು ಎರಡು ಸಲ ಅಂಗಡಿಗೆ ಅಲೆದೆವು.

ನಂಬರು ಫಲಕದ ವಿಷಯ ಬೇರೆ. ಗಡಿಯವರಿಗೆ ಅದರ ಬೆಲೆ ಗೊತ್ತು. ತಲಪಾಡಿ ದಾಟಿದೊಡನೆ ನಮ್ಮ ಕೆಎಲ್ 14 ಎಲ್ಲರ ಕಣ್ಣಿಗೂ ಬೀಳುತ್ತದೆ. ಫಲಕವೂ ಹಿಂದಿನ ದೀಪಗಳೂ ಸೈಕಲಿನ ಮರೆಯಾಗುವಂತಿಲ್ಲ. 2019ರ ಏಪ್ರಿಲ್ ನಂತರ ತಯಾರಾದ ಕಾರುಗಳ ಫಲಕ ಬಿಚ್ಚಲಾಗದ ಬೀಗದ್ದಾದ್ದರಿಂದ, ಅದನ್ನು ಕಿತ್ತು ಸೈಕಲಿಗೆ ನೇತುಹಾಕುವ ಉಪಾಯವೂ ನಡೆಯದು. ನಾವು ಚೌಕಟ್ಟನ್ನು ಎತ್ತರಕ್ಕೆ ಕಟ್ಟಿ, ಮಗನ ಸೈಕಲಿನ ಮುಂದಿನ ಚಕ್ರ ಬಿಚ್ಚಿ ಕಾರಿನೊಳಗೆ ಇಟ್ಟೆವು. ಹೊಗೆಕೊಳವೆಯ ನೇರಕ್ಕೆ ಟಯರು ಬಂದರೆ ಆ ಬಿಸಿಗೆ ಕರಗೀತು ಎಂದು ಅದನ್ನೂ ನೋಡಿಕೊಂಡೆವು.

ಇಷ್ಟೆಲ್ಲ ಜಾಣತನ ತೋರಿಸಿದವರು ಎಡವಿದ್ದು ಒಂದು ಪದದಲ್ಲಿ. ಅಂಗಡಿಯ ಹುಡುಗ ಪಟ್ಟಿ ಬಿಗಿದು ತೋರಿಸುತ್ತ, "ಇಡಕ್ಕಿಡೆ ಮುರುಕ್ಕಣಂ" ಎಂದು ಎರಡೆರಡು ಸಲ ಹೇಳಿದ್ದ. ಆಗಾಗ ಬಿಗಿಯಬೇಕು ಎಂದರ್ಥ. ಸುಳ್ಯದ ಕಡೆಯಿಂದ ಬಂದ ನಮ್ಮ ಮನೆಯಾಕೆಯ ಕಿವಿಗೆ ಬಿದ್ದದ್ದು ಮಾತ್ರ 'ಮುರುಕು'. "ಹೊಸ ಸಾಮಾನು, ಈಗಲೇ ಮುರುಕು ಅನ್ನುತ್ತಾನಲ್ಲ!" ಎಂದು ಅವಳು ಗಾಬರಿಯಾದಳು. ಮನೆ ಸೇರುವವರೆಗೂ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗುವಿನಲ್ಲಿ ಅವನ ಮಾತೇ ಮರೆತುಹೋಯಿತು.

ಹೊರಟ ದಿನ ಜಿಟಿಜಿಟಿ ಮಳೆ. ಚೆರ್ಕಳದಲ್ಲಿ ಜಾಲ್ಸೂರು ರಸ್ತೆಗೆ ತಿರುಗಿ ಬೋವಿಕ್ಕಾನ ದಾಟಿದ್ದೆವು. ಹಿಂದಿನಿಂದ ಒಂದು ಸ್ಕೂಟರು ಬಿಡದೆ ಹಾರ್ನು ಹಾಕತೊಡಗಿತು. ದಾರಿ ಬಿಟ್ಟರೂ ಮುಂದೆ ಹೋಗದು. ಏನು ಜನವಪ್ಪಾ ಎಂದು ಗೊಣಗಿ ಬದಿಗೆ ನಿಲ್ಲಿಸಿ ಇಳಿದು ನೋಡಿದರೆ, ಎದೆ ಧಸಕ್ಕೆಂದಿತು. ಒದ್ದೆಯಾದ ಕೆಳಗಿನ ಪಟ್ಟಿ ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. ಹೊರಗಡೆ ತೂಗುತ್ತಿದ್ದ ಮಗನ ಸೈಕಲು ಒಂದು ಮಗ್ಗುಲಿಗೆ ಜಾರಿ, ಹ್ಯಾಂಡಲಿನ ತುದಿ ರಸ್ತೆಯಿಂದ ಒಂದು ಗೇಣು ಮೇಲಿತ್ತು. ಸ್ಕೂಟರಿನಲ್ಲಿದ್ದವರು ಗಂಡ, ಹೆಂಡತಿ, ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಹೊದೆಸಿದ ಕೂಸು.

ಆತ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸೈಕಲನ್ನು ಎತ್ತಿ ಹಿಡಿದು, ನಾವು ಪಟ್ಟಿ ಎಳೆಯುವವರೆಗೆ ಮಳೆಯಲ್ಲಿ ನಿಂತು, ತಲೆ ಅಲ್ಲಾಡಿಸಿ ಹೊರಟುಹೋದ. ಅವರ ಹೆಸರೂ ಕೇಳಲಿಲ್ಲ.

ಹೊಸ ಪಟ್ಟಿ ಮೊದಲ ಕೆಲವು ಕಿಲೋಮೀಟರಿನಲ್ಲಿ ಕುಳಿತುಕೊಳ್ಳುತ್ತದೆ, ನೈಲಾನು ನೆನೆದರೆ ತುಸು ಹಿಗ್ಗುತ್ತದೆ. ತರಗತಿಯಲ್ಲಿ ಇಂಥದ್ದನ್ನು ಮಕ್ಕಳಿಗೆ ಹೇಳಿಕೊಡುವವರು ನಾವು! ಮುಳ್ಳೇರಿಯದಲ್ಲಿ ಒಮ್ಮೆ, ಆದೂರು ಪೇಟೆಯಲ್ಲಿ ಒಮ್ಮೆ ನಿಲ್ಲಿಸಿ ಎಳೆದೆವು. ಎರಡು ಕಡೆಯೂ ಅಷ್ಟಿಷ್ಟು ಸಡಿಲವಿತ್ತು. ಉಳಿದ ಪಟ್ಟಿಯ ಬಾಲ ಗಾಳಿಗೆ ಹೊಡೆದುಕೊಂಡು ತಾನೇ ಬಿಚ್ಚಿಕೊಳ್ಳದಂತೆ ಗಂಟು ಹಾಕಿದೆವು. ಸೈಕಲಿನ ದಂಡೆಗೂ ಕಾರಿನ ಕೊಕ್ಕೆಗೂ ಬೇರೆಯೇ ಒಂದು ಹಗ್ಗ ಬಿಗಿದೆವು, ಚೌಕಟ್ಟು ಕೈಕೊಟ್ಟರೂ ಸೈಕಲು ರಸ್ತೆಗೆ ಬೀಳಬಾರದೆಂದು. ಮರಳುವಾಗ ಮಗನ ಸೈಕಲಿನ ಎರಡೂ ಚಕ್ರ ಬಿಚ್ಚಿ, ಹಿಂದಿನ ಸೀಟಿನ ಅರ್ಧ ಮಡಚಿ ಒಳಗೇ ಇಟ್ಟೆವು. ಮೊದಲೇ ಹೀಗೆ ಮಾಡಬಹುದಿತ್ತು. ಒಂದೇ ಸೈಕಲು ಇರುವವರು ಚೌಕಟ್ಟಿಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಬಹುದು.

ಪೆಡಲು ಉಜ್ಜಿ ಕಾರಿನ ಬಾಗಿಲಿಗೆ ಆದ ಗೀರು ಹಾಗೆಯೇ ಇದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಮೊನ್ನೆ ಚೌಕಟ್ಟನ್ನು ಎರವಲು ಕೇಳಿಕೊಂಡು ಬಂದರು. ಅವರ ಕಾರಿಗೆ ಹಿಂದೆ ಪ್ಲಾಸ್ಟಿಕ್ಕಿನ ರೆಕ್ಕೆಯಿದೆ. ಕೈಪಿಡಿ ಓದಿ ಬನ್ನಿ ಎಂದು ಕಳುಹಿಸಿದ್ದೇವೆ, ಇನ್ನೂ ಬಂದಿಲ್ಲ.