ದನದ ದವಾಖಾನೆಯಲ್ಲಿ ನಾಯಿಗೂ ಒಂದು ಸರದಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆಯನ್ನು ಜನ ಇಂದಿಗೂ ‘ದನದ ದವಾಖಾನೆ’ ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿ ತಪ್ಪೇನೂ ಇಲ್ಲ. ಮಳೆಯನ್ನು ನೆಚ್ಚಿ ಬದುಕುವ ಈ ಬಯಲುಸೀಮೆಯಲ್ಲಿ ಎತ್ತು, ಎಮ್ಮೆ, ಕುರಿ, ಆಡುಗಳೇ ಕಷ್ಟಕಾಲದ ಆಸರೆ. ಆಸ್ಪತ್ರೆಗಳು ಹುಟ್ಟಿಕೊಂಡದ್ದೂ ಅವುಗಳಿಗಾಗಿಯೇ. ಆದರೆ ಈಚಿನ ವರ್ಷಗಳಲ್ಲಿ ಈ ಪಟ್ಟಣಗಳ ಹೊಸ ಬಡಾವಣೆಗಳಿಗೆ ಪಮೇರಿಯನ್, ಲ್ಯಾಬ್ರಡಾರ್‌ಗಳೂ ಬಂದಿವೆ. ಹೊಲ ಕಾಯುವ ಮುಧೋಳ ನಾಯಿಯಂತೂ ಮೊದಲಿನಿಂದಲೂ ಇಲ್ಲಿನದೇ. ಇವಕ್ಕೆ ಕಾಯಿಲೆ ಬಂದರೆ ಎಲ್ಲಿಗೆ ಒಯ್ಯಬೇಕು, ಯಾರನ್ನು ನಂಬಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ರಾಜಧಾನಿಯ ಓದುಗರಿಗೆ ಇದು ಪ್ರಶ್ನೆಯೇ ಅಲ್ಲ ಎನ್ನಿಸಬಹುದು. ಅಲ್ಲಿ ಒಂದು ಕ್ಲಿನಿಕ್ ಒಗ್ಗದಿದ್ದರೆ ಇನ್ನೊಂದು ಇದೆ. ತಾಲ್ಲೂಕು ಕೇಂದ್ರದಲ್ಲಿ ಆಯ್ಕೆ ಎಂಬುದು ಒಬ್ಬ ಸರ್ಕಾರಿ ವೈದ್ಯರು, ಊರಿಗೊಬ್ಬರೋ ಇಬ್ಬರೋ ಖಾಸಗಿಯಾಗಿ ಚಿಕಿತ್ಸೆ ಕೊಡುವವರು ಮತ್ತು ಔಷಧ ಅಂಗಡಿ ಇವುಗಳ ನಡುವೆಯೇ ಮುಗಿಯುತ್ತದೆ. ಆಯ್ಕೆ ಕಿರಿದಾದಷ್ಟೂ ಅದನ್ನು ಎಚ್ಚರದಿಂದ ಮಾಡಬೇಕಾಗುತ್ತದೆ.

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ವೈದ್ಯಕೀಯ ಸೇವೆಯು ಸಂತೆಯ ಸರಕಿನಂತಲ್ಲ ಎಂದು ತೋರಿಸಿಕೊಟ್ಟರು. ಕೊಳ್ಳುವವನಿಗೆ ತಾನು ಕೊಂಡದ್ದರ ಗುಣ ತಿಳಿಯದು, ಮಾರುವವನಿಗೆ ತಿಳಿದಿರುತ್ತದೆ. ಗುಣ ತಿಳಿಯದ ಪೇಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂಬುದನ್ನು 1970ರಲ್ಲಿ ಜಾರ್ಜ್ ಅಕರ್‌ಲಾಫ್ ವಿವರಿಸಿದರು. ಪ್ರಾಣಿಯ ವಿಷಯದಲ್ಲಿ ಈ ಅಜ್ಞಾನ ಇಮ್ಮಡಿಯಾಗುತ್ತದೆ. ಹಣ ಕೊಡುವವನು ಒಬ್ಬ, ನೋವು ಉಣ್ಣುವುದು ಇನ್ನೊಂದು. ಆ ಇನ್ನೊಂದಕ್ಕೆ ಹೇಳಿಕೊಳ್ಳಲು ಬಾಯಿಲ್ಲ. ಜ್ವರ ಇಳಿದದ್ದು ಚುಚ್ಚುಮದ್ದಿನಿಂದಲೋ ತಾನಾಗಿಯೋ ಎಂದು ತಿಳಿಯುವ ದಾರಿ ಸಾಮಾನ್ಯ ಮಾಲೀಕನಿಗೆ ಇರುವುದಿಲ್ಲ. ಹಾಗಾಗಿ ಫಲಿತಾಂಶವನ್ನು ನೋಡಿ ವೈದ್ಯರನ್ನು ಅಳೆಯುವುದು ಕಷ್ಟ. ಅವರ ಕೆಲಸದ ರೀತಿಯನ್ನು ನೋಡಿ ಅಳೆಯುವುದು ಸಾಧ್ಯ.

ಮೊದಲ ಪ್ರಶ್ನೆ: ನೋಂದಣಿ

ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮ 1984ರ ಪ್ರಕಾರ ಪಶುವೈದ್ಯ ಪದವಿ ಪಡೆದು ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಪಶುವೈದ್ಯ ವೃತ್ತಿ ನಡೆಸುವ ಹಕ್ಕಿದೆ. ನಮ್ಮಲ್ಲಿ ಈ ನೋಂದಣಿಯನ್ನು ನಿರ್ವಹಿಸುವುದು ಕರ್ನಾಟಕ ಪಶುವೈದ್ಯ ಪರಿಷತ್ತು. ಡಿಪ್ಲೊಮಾ ಅಥವಾ ತರಬೇತಿ ಪಡೆದ ಸಿಬ್ಬಂದಿ, ರಾಜ್ಯ ಸರ್ಕಾರ ಅನುಮತಿಸಿದ ಸಣ್ಣಪುಟ್ಟ ಸೇವೆಗಳನ್ನು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ನೀಡಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಹಳ್ಳಿಗಳಲ್ಲಿ ಇಂತಹ ಸಿಬ್ಬಂದಿಯ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಗಾಯಕ್ಕೆ ಪಟ್ಟಿ ಕಟ್ಟುವುದು ಬೇರೆ, ಹೊಟ್ಟೆ ಕೊಯ್ಯುವುದು ಬೇರೆ. ಅನುಭವವಿದೆ ಎಂಬ ಕಾರಣಕ್ಕೆ ಎರಡನ್ನೂ ಒಬ್ಬರ ಕೈಗೇ ಒಪ್ಪಿಸುವ ರೂಢಿ ಅಪಾಯಕಾರಿ. ‘ನಿಮ್ಮ ನೋಂದಣಿ ಸಂಖ್ಯೆ ಏನು ಸರ್?’ ಎಂದು ವಿನಯದಿಂದ ಕೇಳಿದರೆ ನಿಜವಾದ ವೈದ್ಯರು ಯಾರೂ ಮುನಿಸಿಕೊಳ್ಳುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವಿರುವುದು ಔಷಧ ಅಂಗಡಿಯಲ್ಲಿ. ಮನುಷ್ಯರ ಜ್ವರದ ಮಾತ್ರೆಯನ್ನು ಅರ್ಧ ಮುರಿದು ಹಾಕಿದರೆ ಸಾಕೆಂಬ ನಂಬಿಕೆ ಎಲ್ಲ ಊರುಗಳಲ್ಲೂ ಇದೆ. ಪ್ಯಾರಾಸಿಟಮಾಲ್ ಬೆಕ್ಕಿನ ಪಾಲಿಗೆ ವಿಷ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಅದರ ಯಕೃತ್ತಿಗಿಲ್ಲ. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಉಳಿತಾಯ ಮಾಡಿದ ವೈದ್ಯರ ಶುಲ್ಕ ಹೀಗೆ ಪ್ರಾಣದ ಬೆಲೆಯಾಗುತ್ತದೆ.

ಶೀತಪೆಟ್ಟಿಗೆಯೂ ಸೂಕ್ಷ್ಮದರ್ಶಕವೂ

ಶ್ರಮವಿಭಜನೆಯ ಮಿತಿಯನ್ನು ಮಾರುಕಟ್ಟೆಯ ವಿಸ್ತಾರವೇ ನಿರ್ಧರಿಸುತ್ತದೆ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಹೇಳಿದ್ದರು. ನಾಯಿ–ಬೆಕ್ಕುಗಳಿಗೆಂದೇ ಒಬ್ಬ ತಜ್ಞರನ್ನು ಪೋಷಿಸುವಷ್ಟು ದೊಡ್ಡ ಮಾರುಕಟ್ಟೆ ರೋಣವೂ ಅಲ್ಲ, ನರಗುಂದವೂ ಅಲ್ಲ. ಬೆಳಿಗ್ಗೆ ಎಮ್ಮೆಯ ಹೆರಿಗೆ ಮಾಡಿಸಿದ ವೈದ್ಯರೇ ಸಂಜೆ ಬೆಕ್ಕಿನ ಕಣ್ಣು ನೋಡಬೇಕು. ಇದು ಕೊರತೆಯಲ್ಲ, ವಾಸ್ತವ. ಆದ್ದರಿಂದ ನಾವು ಹುಡುಕಬೇಕಾದದ್ದು ಎಲ್ಲವನ್ನೂ ಬಲ್ಲವರನ್ನಲ್ಲ. ತಮ್ಮ ಬಲ್ಲತನದ ಗಡಿಯನ್ನು ಬಲ್ಲವರನ್ನು.

ಅಂಥವರನ್ನು ಗುರುತಿಸಲು ಕೆಲವು ಸರಳ ಸಂಗತಿಗಳು ನೆರವಾಗುತ್ತವೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇಡಬೇಕು. ಏಪ್ರಿಲ್–ಮೇ ತಿಂಗಳ ನಮ್ಮ ಸೀಮೆಯ ಬಿಸಿಲಿನಲ್ಲಿ, ವಿದ್ಯುತ್ ಕೈಕೊಟ್ಟಾಗ ಆ ಲಸಿಕೆ ಎಲ್ಲಿರುತ್ತದೆ ಎಂದು ಕೇಳಿ ತಿಳಿಯಬೇಕು. ಜೇಬಿನಿಂದಲೋ ಕೈಚೀಲದಿಂದಲೋ ತೆಗೆದು ಚುಚ್ಚುವ ಲಸಿಕೆ ಬರೀ ನೀರಿಗೆ ಸಮಾನವಾಗಿರಬಹುದು. ಅದು ಕೊಡುವ ಸುಳ್ಳು ಧೈರ್ಯ ನೀರಿಗಿಂತಲೂ ಕೆಟ್ಟದ್ದು. ನಾಯಿಯನ್ನು ತೂಗದೆ ಔಷಧದ ಪ್ರಮಾಣ ನಿರ್ಧರಿಸುವುದು ಅಂದಾಜಿನ ಕೆಲಸ. ಉಣ್ಣೆಗಳಿಂದ ಹರಡುವ ಜ್ವರ ನಮ್ಮ ನಾಯಿಗಳಲ್ಲಿ ಸಾಮಾನ್ಯವಾದ್ದರಿಂದ ರಕ್ತಲೇಪನ ನೋಡಲು ಒಂದು ಸೂಕ್ಷ್ಮದರ್ಶಕವಿದ್ದರೆ, ಅಥವಾ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಪರಿಪಾಠವಿದ್ದರೆ ಒಳ್ಳೆಯದು. ಕೊಟ್ಟ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳನ್ನು ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಕೊಡುವವರು ತಮ್ಮ ಕೆಲಸಕ್ಕೆ ತಾವು ಹೊಣೆ ಎಂದು ಒಪ್ಪಿಕೊಂಡಂತೆ.

ಈ ಸೀಮೆಗೇ ವಿಶಿಷ್ಟವಾದ ಇನ್ನೊಂದು ಪ್ರಶ್ನೆಯಿದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡಿತು. ಅದರ ಸಂಶೋಧನೆಗೆಂದೇ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಒಂದು ಕೇಂದ್ರವಿದೆ. ಗ್ರೇಹೌಂಡಿನಂತೆ ಇದೂ ಓಟಕ್ಕೆ ಹೇಳಿ ಮಾಡಿಸಿದ, ಮೈಯಲ್ಲಿ ಕೊಬ್ಬಿಲ್ಲದ ನಾಯಿ. ಥಯೋಪೆಂಟಾಲ್ ಬಗೆಯ ಅರಿವಳಿಕೆ ಔಷಧವನ್ನು ಗ್ರೇಹೌಂಡ್ ಜಾತಿಯ ನಾಯಿಗಳ ದೇಹ ಬಹಳ ನಿಧಾನವಾಗಿ ಹೊರಹಾಕುತ್ತದೆ. ಎಚ್ಚರಗೊಳ್ಳುವುದು ತಡವಾಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರವಾಗುತ್ತದೆ. ಸಂತಾನಶಕ್ತಿಹರಣ ಮೊದಲಾದ ಶಸ್ತ್ರಚಿಕಿತ್ಸೆಗೆ ಮುನ್ನ, ‘ಇದು ಮುಧೋಳ ತಳಿ, ಯಾವ ಅರಿವಳಿಕೆ ಕೊಡುತ್ತೀರಿ?’ ಎಂದು ಕೇಳುವುದು ಮಾಲೀಕನ ಹಕ್ಕು. ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವ ವೈದ್ಯರನ್ನು ಧೈರ್ಯವಾಗಿ ನಂಬಬಹುದು. ‘ಈ ಆಪರೇಷನ್ ಇಲ್ಲಿ ಬೇಡ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ’ ಎಂದು ಚೀಟಿ ಬರೆದು ಕಳುಹಿಸುವವರನ್ನು ಇನ್ನೂ ಹೆಚ್ಚು ನಂಬಬಹುದು.

ಹಾಗೆ ಕಳುಹಿಸಲು ಜಾಗಗಳಿವೆ. ಗದಗಿನಲ್ಲಿ ಜಿಲ್ಲಾ ಮಟ್ಟದ ಪಶು ಆಸ್ಪತ್ರೆಯಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಾವಿದ್ಯಾಲಯವೊಂದು ಗದಗಿನಲ್ಲೇ ಇದೆ. ನರಗುಂದದವರಿಗೆ ಹೆದ್ದಾರಿಯಲ್ಲಿ ಹುಬ್ಬಳ್ಳಿಯ ದಾರಿಯೂ ನೇರ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನಗಳೂ ರಾಜ್ಯದಲ್ಲಿವೆ; ಅವುಗಳ ಮುಖ್ಯ ಉದ್ದೇಶ ರೈತರ ಜಾನುವಾರುಗಳ ಸೇವೆ. ಸಾಕುನಾಯಿಗೆ ಅವು ಯಾವ ಷರತ್ತಿನ ಮೇಲೆ ಬರುತ್ತವೆ ಎಂಬುದನ್ನು ಆರೋಗ್ಯವಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಪಾರ್ವೊ ರೋಗ ತಗುಲಿದ ಮರಿ ವಾಂತಿ–ಭೇದಿಯಿಂದ ಒಂದೆರಡು ದಿನದಲ್ಲೇ ಸಾಯಬಲ್ಲದು. ವೈದ್ಯರನ್ನು ಹುಡುಕಲು ಅದು ಸಮಯವಲ್ಲ. ಮರಿಯನ್ನು ಮನೆಗೆ ತಂದ ವಾರದಲ್ಲೇ ವೈದ್ಯರನ್ನು ಆರಿಸಿ, ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ ಹಾಕಿಸಿ, ಅವರು ಹೇಳಿದ ಅಂತರದಲ್ಲಿ ಮುಂದಿನವನ್ನು ತಪ್ಪದೆ ಮುಗಿಸಬೇಕು.

ಖಾಸಗಿ ಖರ್ಚು, ಸಾರ್ವಜನಿಕ ಲಾಭ

ಇದೆಲ್ಲ ಉಳ್ಳವರ ಹವ್ಯಾಸದ ಮಾತು, ಬರದ ಸೀಮೆಯಲ್ಲಿ ನಾಯಿಯ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಒಂದೇ ಪದದಲ್ಲಿದೆ: ರೇಬೀಸ್. ಮನುಷ್ಯರಿಗೆ ತಗಲುವ ರೇಬೀಸ್ ಪ್ರಕರಣಗಳಲ್ಲಿ ಶೇ 99ರಷ್ಟಕ್ಕೆ ನಾಯಿಯೇ ಮೂಲ ಎಂದೂ, ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಸಂಭವಿಸುತ್ತವೆ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಸಾಯುವವರಲ್ಲಿ ಹೆಚ್ಚಿನವರು ಬಡವರು ಮತ್ತು ಮಕ್ಕಳು. ನಾಯಿಯೊಂದಕ್ಕೆ ಮೂರು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಅವಧಿಗೆ ಅದನ್ನು ಮತ್ತೆ ಮತ್ತೆ ಹಾಕಿಸುವ ಖರ್ಚು ಮಾಲೀಕನದು. ಲಾಭ ಇಡೀ ಓಣಿಯದು. ಖಾಸಗಿ ಖರ್ಚಿಗೆ ಸಾರ್ವಜನಿಕ ಲಾಭ ದೊರೆಯುವಾಗ ಜನ ತಾವಾಗಿ ಮಾಡುವ ಖರ್ಚು ಸಮಾಜಕ್ಕೆ ಬೇಕಾದದ್ದಕ್ಕಿಂತ ಕಡಿಮೆಯಾಗುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆ ಅಂತರವನ್ನು ತುಂಬಬೇಕಾದದ್ದು ಸರ್ಕಾರ. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲ ಮಾಡುವ ರಾಷ್ಟ್ರೀಯ ಕ್ರಿಯಾಯೋಜನೆ 2021ರಲ್ಲೇ ಪ್ರಕಟವಾಗಿದೆ. ಆ ಗುರಿಯ ಒಂದು ಪಾಲು ಇಂತಹ ತಾಲ್ಲೂಕು ಆಸ್ಪತ್ರೆಗಳ ಬಾಗಿಲಲ್ಲೇ ಈಡೇರಬೇಕು.

ಆದರೆ ಅಲ್ಲಿನ ವೈದ್ಯರ ಕೈತುಂಬ ಕೆಲಸ. ಕಾಲುಬಾಯಿ ಜ್ವರದ ಲಸಿಕಾ ಅಭಿಯಾನ, ಕೃತಕ ಗರ್ಭಧಾರಣೆ, 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗದಂತಹ ಪಿಡುಗು — ಇವೆಲ್ಲದರ ನಡುವೆ ನಾಯಿ ಹಿಡಿದು ನಿಂತವನ ಸರದಿ ಕೊನೆಗೆ ಬರುವುದು ಸಹಜ. ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ವಾರದಲ್ಲಿ ಒಂದು ಸಂಜೆಯನ್ನು, ಸಂತೆಯ ದಿನ ಬಿಟ್ಟು, ಸಾಕುಪ್ರಾಣಿಗಳಿಗೆಂದೇ ಮೀಸಲಿಟ್ಟು ಫಲಕ ಬರೆಸಿದರೆ ಸಾಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನವನ್ನು ಭಾಷಣಕ್ಕೆ ಬಿಡದೆ, ಪುರಸಭೆಗಳು ಪಶುಪಾಲನಾ ಇಲಾಖೆಯೊಡನೆ ಸೇರಿ ವಾರ್ಡುವಾರು ಲಸಿಕೆ ಹಾಕಿಸಬಹುದು. ರೋಣದಿಂದ ಬೇರ್ಪಟ್ಟು ತಾಲ್ಲೂಕಾಗಿರುವ ಗಜೇಂದ್ರಗಡ ತನ್ನ ಹೊಸ ಆಡಳಿತದಲ್ಲಿ ಇಂತಹದೊಂದು ರೂಢಿಯನ್ನು ಮೊದಲಿನಿಂದಲೇ ಬೆಳೆಸಿಕೊಂಡರೆ ಉಳಿದವರಿಗೂ ಮೇಲ್ಪಂಕ್ತಿಯಾದೀತು.

ಮಾಲೀಕರ ಕಡೆಯಿಂದಲೂ ಒಂದು ಕರ್ತವ್ಯವಿದೆ. ಕಾಯಿಲೆ ಬಿದ್ದಾಗ ಮಾತ್ರ ಓಡಿಬಂದು, ಶುಲ್ಕದಲ್ಲಿ ಚೌಕಾಸಿ ಮಾಡಿ, ಗುಣವಾದೊಡನೆ ಮರೆತುಬಿಡುವ ಗಿರಾಕಿಗಳನ್ನು ನಂಬಿ ಯಾವ ಯುವ ಪದವೀಧರನೂ ಸಣ್ಣ ಊರಿನಲ್ಲಿ ಕ್ಲಿನಿಕ್ ತೆರೆಯುವುದಿಲ್ಲ; ಅವನು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾನೆ. ವರ್ಷಕ್ಕೊಮ್ಮೆ ತಪಾಸಣೆಗೆ, ಲಸಿಕೆಗೆ ತಪ್ಪದೆ ಬರುವ ಐವತ್ತು ಮನೆಗಳಿದ್ದರೆ ಅವನು ಉಳಿಯುವ ಯೋಚನೆಯನ್ನಾದರೂ ಮಾಡಿಯಾನು. ಸಣ್ಣ ಪಟ್ಟಣದಲ್ಲಿ ಒಳ್ಳೆಯ ವೈದ್ಯರನ್ನು ಆರಿಸಿಕೊಳ್ಳುವುದೆಂದರೆ ಅವರು ಅಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದೂ ಹೌದು.