ಸಾಂಬ್ರಾದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರದ ಲೆಕ್ಕ, ವೇಳೆಯ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳವರಿಗೆ ಹತ್ತಿರದ ವಿಮಾನ ನಿಲ್ದಾಣವೆಂದರೆ ಎರಡನೆಯ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ, ಬ್ರಿಟಿಷ್ ವಾಯುಪಡೆ ನಿರ್ಮಿಸಿದ ಬೆಳಗಾವಿಯ ಸಾಂಬ್ರಾ ನಿಲ್ದಾಣ. ನೇರ ಗೆರೆಯಲ್ಲಿ ಅಳೆದರೆ ಅದು ಗೋಕಾಕ ಮತ್ತು ಹುಕ್ಕೇರಿಗೆ ಸುಮಾರು 40 ಕಿ.ಮೀ., ಮೂಡಲಗಿಗೆ 60 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ರಸ್ತೆಯ ದೂರ ಸಹಜವಾಗಿಯೇ ಇನ್ನೂ ಹೆಚ್ಚು.

ಸಾಂಬ್ರಾದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಇರುವುದು ಸುಮಾರು 445 ಕಿ.ಮೀ. ಮಾತ್ರ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಅದು ಅರ್ಧ ಗಂಟೆಯ ದಾರಿ ಎನಿಸಿದರೂ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಹೆಚ್ಚಿನ ಅವಧಿ ಕಾಣುವುದಕ್ಕೆ ಕಾರಣವಿದೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವವರೆಗಿನ ಕಾಲವನ್ನೆಲ್ಲ ವಿಮಾನಯಾನ ಸಂಸ್ಥೆಗಳು ಪ್ರಯಾಣದ ಅವಧಿಯಾಗಿ ಗಣಿಸುತ್ತವೆ; ರನ್‌ವೇವರೆಗೆ ಸಾಗುವುದು, ನಿಧಾನವಾಗಿ ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಹೀಗಾಗಿ ದಾರಿ ಗಿಡ್ಡವಾದಷ್ಟೂ ಸರಾಸರಿ ವೇಗ ಕುಗ್ಗುತ್ತದೆ.

ದೂರದ ಊರುಗಳ ವಿಷಯ ಇನ್ನಷ್ಟು ಕುತೂಹಲಕರವಾದದ್ದು. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಅತಿ ಕಡಿಮೆ ದೂರ 13,993 ಕಿ.ಮೀ. ಗೋಳದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಅತಿ ಗಿಡ್ಡ ಹಾದಿಯನ್ನು ಮಹಾವೃತ್ತದ ಹಾದಿ ಎನ್ನುತ್ತಾರೆ. ಭೂಗೋಳದ ಮಾದರಿಯ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ, ಗೋಡೆಯ ನಕಾಶೆಯಲ್ಲಿ ಕಾಣುವಂತೆ ಅದು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗದೆ ಉತ್ತರಕ್ಕೆ ಏರಿ ಧ್ರುವಪ್ರದೇಶವನ್ನು ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಈ ಊರುಗಳ ನಡುವೆ ಮೊದಲ ನೇರ ಸೇವೆ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದಲೇ ವಿಮಾನವನ್ನು ಬೆಂಗಳೂರಿಗೆ ತಂದಿತು. ಕನ್ನಡ ನಾಡಿನ ವಿಮಾನಯಾನದ ಇತಿಹಾಸದಲ್ಲಿ ಹೆಮ್ಮೆಯಿಂದ ನೆನೆಯಬೇಕಾದ ಹಾರಾಟವದು.

ಗಂಟೆಗೆ 900 ಕಿ.ಮೀ. ಲೆಕ್ಕದಲ್ಲಿ ಹದಿನೈದೂವರೆ ತಾಸು ಸಾಕಾಗಬೇಕಿದ್ದ ಆ ಹಾರಾಟಕ್ಕೆ ಸುಮಾರು 17 ತಾಸು ಹಿಡಿಯಿತು. ಗಾಳಿಯ ದಿಕ್ಕು, ಹಾರಲು ಅನುಮತಿಯಿರುವ ವಾಯುಪ್ರದೇಶ, ತುರ್ತಿನಲ್ಲಿ ಇಳಿಯಲು ಸಮೀಪದಲ್ಲಿರಬೇಕಾದ ನಿಲ್ದಾಣಗಳು ಇವೆಲ್ಲ ಮಾರ್ಗವನ್ನು ಮಹಾವೃತ್ತದಿಂದ ಅತ್ತಿತ್ತ ಸರಿಸುತ್ತವೆ. ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯಿಂದಾಗಿ ಅದೇ ಎರಡು ಊರುಗಳ ನಡುವೆ ಹೋಗುವ ಅವಧಿಯೂ ಬರುವ ಅವಧಿಯೂ ಬೇರೆಯಾಗುವುದುಂಟು.

ಶನಿವಾರ ರಾತ್ರಿ ಎಂಟೂವರೆಗೆ ಹೊರಟ ಆ ವಿಮಾನ ಇಳಿದದ್ದು ಸೋಮವಾರ ನಸುಕಿನ ಮೂರರ ಸುಮಾರಿಗೆ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಗಳ ನಡುವೆ ಹದಿಮೂರೂವರೆ ತಾಸಿನ ಅಂತರವಿರುವುದರಿಂದ ಇಡೀ ಭಾನುವಾರ ಕಳೆದುಹೋದಂತೆ ತೋರುತ್ತದೆ. ಟಿಕೆಟ್ಟಿನ ಮೇಲಿನ ಹೊರಡುವ, ತಲುಪುವ ವೇಳೆಗಳು ಆಯಾ ಊರಿನ ಸ್ಥಳೀಯ ವೇಳೆಗಳಾದ್ದರಿಂದ ಅವನ್ನು ನೇರವಾಗಿ ಕಳೆದು ಪ್ರಯಾಣದ ಅವಧಿ ಹೇಳಲಾಗದು. ಮೂಡಲಗಿಯಿಂದ ಹೊರಡುವವರು ಆ ಅವಧಿಗೆ ಸಾಂಬ್ರಾವರೆಗಿನ ರಸ್ತೆ, ಬೆಂಗಳೂರಿನ ಕಾಯುವಿಕೆ, ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮುಂಚಿತವಾಗಿ ಹಾಜರಿರಬೇಕಾದ ಮೂರು ತಾಸು ಇವನ್ನೂ ಕೂಡಿಸಿಕೊಂಡೇ ಟಿಕೆಟ್ ಕಾದಿರಿಸುವುದು ಒಳಿತು.